ಬೊಂಡದ ನೀರು, ಮೈಲುತುತ್ತು, ಗ್ಲೂಕೋಸ್

ಗ್ಲೂಕೋಸಿನ ಗುಣ ತೋರಿಸಲು ಕಾಸರಗೋಡಿನ ಶಾಲೆಗಳಲ್ಲಿ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ಬೊಂಡ (ಎಳನೀರಿನ ಕಾಯಿ), ಒಂದು ಬಲಿತ ತೆಂಗಿನಕಾಯಿ, ಅಡಿಕೆಗೆ ಮದ್ದು ಬಿಡಲು ಬಳಸುವ ಅದೇ ಮೈಲುತುತ್ತು (ತಾಮ್ರದ ಸಲ್ಫೇಟ್), ಜತೆಗೆ ಒಂದಷ್ಟು ರಾಸಾಯನಿಕ ಸಾಕು. ತಾಮ್ರದ ನೀಲಿ ದ್ರಾವಣದ ಬಣ್ಣ ಬದಲಾಗುವುದನ್ನು ನೋಡಿ ಗ್ಲೂಕೋಸಿನಂಥ ಸಕ್ಕರೆಯನ್ನು ಗುರುತಿಸುವ ಬೆನೆಡಿಕ್ಟ್ ಪರೀಕ್ಷೆಯನ್ನು ನಾನು ತರಗತಿಯಲ್ಲಿ ಮಾಡುವ ಕ್ರಮ ಇಲ್ಲಿದೆ.

ನೀರಿನಲ್ಲಿ ಕರಗಿದ ಗ್ಲೂಕೋಸ್ (C₆H₁₂O₆) ಬಹುಪಾಲು ಉಂಗುರವಾಗಿಯೇ ಇರುತ್ತದೆ. ಬಿಚ್ಚಿದ ಸರಪಳಿಯಾಗಿ ಸಿಗುವುದು ಹತ್ತು ಸಾವಿರಕ್ಕೆ ಹೆಚ್ಚೆಂದರೆ ಒಂದೆರಡು ಅಣು. ತಾಮ್ರದೊಡನೆ ವರ್ತಿಸುವುದು ಆ ಬಿಚ್ಚಿದ ತುದಿಯ ಆಲ್ಡಿಹೈಡ್ (–CHO) ಗುಂಪು. ಅವು ಖರ್ಚಾದಂತೆಲ್ಲ ಬೇರೆ ಉಂಗುರಗಳು ಬಿಚ್ಚಿಕೊಳ್ಳುತ್ತವೆ, ಕ್ರಿಯೆ ಮುಂದುವರಿಯುತ್ತದೆ. ನಾವು ಚಹಾಕ್ಕೆ ಹಾಕುವ ಸಕ್ಕರೆ ಸುಕ್ರೋಸ್. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡರ ಆ ತುದಿಗಳೂ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ಉಂಗುರ ಬಿಚ್ಚುವುದಿಲ್ಲ. ನಾಲಿಗೆಗೆ ಎಷ್ಟು ಸಿಹಿಯಾದರೂ ತಾಮ್ರಕ್ಕೆ ಅದು ಇದ್ದೂ ಇಲ್ಲದಂತೆ.

100 ಮಿ.ಲೀ. ಬೆನೆಡಿಕ್ಟ್ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ 17.3 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 10 ಗ್ರಾಂ (ಹರಳು ವಾಷಿಂಗ್ ಸೋಡಾ ಆದರೆ 27 ಗ್ರಾಂ), ಮೈಲುತುತ್ತು 1.73 ಗ್ರಾಂ. ಮೊದಲಿನ ಎರಡನ್ನು ಸುಮಾರು 70 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ ತಣಿಸಿ. ಮೈಲುತುತ್ತನ್ನು ಬೇರೆಯಾಗಿ 10 ಮಿ.ಲೀ. ನೀರಿನಲ್ಲಿ ಕರಗಿಸಿ, ಕಲಕುತ್ತಾ ನಿಧಾನವಾಗಿ ಸುರಿಯಿರಿ. ಕೊನೆಗೆ ನೀರು ಸೇರಿಸಿ 100ಕ್ಕೆ ತನ್ನಿ. ಸಿಟ್ರೇಟ್ ದುಬಾರಿಯೆಂದು ಕಡಿಮೆ ಹಾಕಬೇಡಿ. ತಾಮ್ರವನ್ನು ಹಿಡಿದಿಟ್ಟು ಕರಗಿದಂತೆಯೇ ಉಳಿಸುವುದು ಅದೇ. ಅದಿಲ್ಲದಿದ್ದರೆ ತಾಮ್ರದ ಕಾರ್ಬೊನೇಟ್ ನೀಲಿ-ಹಸಿರು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ತಯಾರಾದ ದ್ರಾವಣವನ್ನು ಬರಿದೇ ಕುದಿಸಿ ನೋಡಿ, ನೀಲಿಯಾಗಿಯೇ ಉಳಿಯಬೇಕು.

ಪ್ರನಾಳಕ್ಕೆ ದ್ರಾವಣ 5 ಮಿ.ಲೀ., ಪರೀಕ್ಷಿಸಬೇಕಾದ್ದು 8 ಹನಿ. ಕುದಿಯುವ ನೀರಿನ ಪಾತ್ರೆಯಲ್ಲಿ 5 ನಿಮಿಷ ಇಡಿ. ನೇರ ಉರಿಗೆ ಹಿಡಿದರೆ ದ್ರಾವಣ ಚಿಮ್ಮುತ್ತದೆ, ಕ್ಷಾರ ಕಣ್ಣಿಗೆ ಅಪಾಯ. ಹಸಿರು ಬಂದರೆ ಅದರಲ್ಲಿ ಇಂಥ ಸಕ್ಕರೆ ಸುಮಾರು ಅರ್ಧ ಶೇಕಡಾ, ಹಳದಿ ಒಂದು, ಇಟ್ಟಿಗೆ ಕೆಂಪು ಎರಡು ಅಥವಾ ಅದಕ್ಕೂ ಹೆಚ್ಚು.

ಬೊಂಡದ ನೀರನ್ನು ಹಾಗೆಯೇ ಹಾಕಿದರೆ ಕೆಂಪಾಗಿಬಿಡುತ್ತದೆ, ಹೋಲಿಸಲು ಆಗುವುದಿಲ್ಲ. ಆದ್ದರಿಂದ ಎರಡೂ ನೀರನ್ನು ಹತ್ತು ಪಟ್ಟು ತೆಳುಗೊಳಿಸುತ್ತೇನೆ. ಬೊಂಡದ ನೀರು ಹಸಿರಿಗೆ ತಿರುಗುತ್ತದೆ, ಬಲಿತ ಕಾಯಿಯದು ಹೆಚ್ಚುಕಡಿಮೆ ನೀಲಿಯಾಗಿಯೇ ಇರುತ್ತದೆ. ಎಳೆಯದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚು; ಬಲಿಯುತ್ತಾ ಒಟ್ಟು ಸಕ್ಕರೆ ಇಳಿದು, ಉಳಿದದ್ದರಲ್ಲಿ ಸುಕ್ರೋಸಿನ ಪಾಲು ಏರುತ್ತದೆ.

ಸುಕ್ರೋಸ್ ಇದೆಯೆಂದು ತೋರಿಸಲು ಬಲಿತ ಕಾಯಿಯ ತೆಳುಗೊಳಿಸದ ನೀರು 2 ಮಿ.ಲೀ.ಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ 3 ಹನಿ ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು ತಣಿಸುತ್ತೇನೆ. ಆಮ್ಲ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಬಿಡಿಸುತ್ತದೆ. ಆಮೇಲೆ ನೊರೆ ನಿಲ್ಲುವವರೆಗೆ ಅಡುಗೆ ಸೋಡಾ. ಇದನ್ನು ಮರೆತರೆ ಉಳಿದ ಆಮ್ಲ ಬೆನೆಡಿಕ್ಟ್‌ನ ಕ್ಷಾರವನ್ನು ತಿಂದುಹಾಕುತ್ತದೆ, ಬಣ್ಣ ಬರಬೇಕಾದಲ್ಲೂ ಬರುವುದಿಲ್ಲ. ಆಮ್ಲ ಹಾಕದ ಅದೇ ನೀರಿನ ಪ್ರನಾಳವನ್ನು ಪಕ್ಕದಲ್ಲೇ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಇದೇ ಬಿಚ್ಚಿದ ತುದಿ ನಮ್ಮ ರಕ್ತದಲ್ಲೂ ಕೆಲಸ ಮಾಡುತ್ತದೆ. ಅದು ಹೀಮೋಗ್ಲೋಬಿನ್‌ಗೆ ಮೆಲ್ಲಗೆ ಅಂಟಿಕೊಳ್ಳುವುದನ್ನೇ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ ಆ ಪರೀಕ್ಷೆ ರಕ್ತದ ಗ್ಲೂಕೋಸಿನ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಖಾಲಿಹೊಟ್ಟೆಯಲ್ಲಿ 100 ಮಿ.ಲೀ. ರಕ್ತಕ್ಕೆ ಗ್ಲೂಕೋಸ್ 90 ಮಿ.ಗ್ರಾಂ ಇದ್ದರೆ 5 ಲೀಟರ್ ರಕ್ತದಲ್ಲಿರುವ ಒಟ್ಟು ಗ್ಲೂಕೋಸ್ 4.5 ಗ್ರಾಂ ಮಾತ್ರ. 300 ಮಿ.ಲೀ. ಬೊಂಡದ ನೀರಿನಲ್ಲಿ ಸಕ್ಕರೆಗಳೆಲ್ಲ ಸೇರಿ 12 ಗ್ರಾಂ ಆದರೂ ಇರಬಹುದು. ಅದು ರಕ್ತದಲ್ಲೇ ನಿಲ್ಲದಿರುವುದು ಇನ್ಸುಲಿನ್‌ನಿಂದಾಗಿ: ಸ್ನಾಯುಗಳು ಎಳೆದುಕೊಳ್ಳುತ್ತವೆ, ಪಿತ್ತಜನಕಾಂಗ ಗ್ಲೈಕೋಜೆನ್ ಮಾಡಿ ಇಟ್ಟುಕೊಳ್ಳುತ್ತದೆ. ಮಕ್ಕಳಿಗೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಅವರ ಕೈಯಲ್ಲೇ ಮಾಡಿಸಬೇಕು.

ಕೆಂಪು ಬಂದದ್ದೆಲ್ಲ ಗ್ಲೂಕೋಸ್ ಎಂದು ಮಾತ್ರ ಬರೆಯಿಸಬೇಡಿ. ಫ್ರಕ್ಟೋಸ್ ಕ್ಷಾರದಲ್ಲಿ ರೂಪ ಬದಲಿಸಿ ಇದೇ ಫಲ ಕೊಡುತ್ತದೆ. ಗಂಜಿ ತೆಳಿಗೆ ಎಂಜಲು ಬೆರೆಸಿ ಹದ ಬಿಸಿಯಲ್ಲಿಟ್ಟಾಗ ಬರುವ ಮಾಲ್ಟೋಸ್ ಕೂಡ ಅಷ್ಟೇ. ಗೇರುಹಣ್ಣಿನ ರಸದಲ್ಲಿ ವಿಟಮಿನ್ ಸಿ ವಿಪರೀತ, ಅದೂ ಸಕ್ಕರೆಯಂತೆಯೇ ತಾಮ್ರವನ್ನು ಅಪಕರ್ಷಿಸಿ ಬಣ್ಣ ಬದಲಿಸುತ್ತದೆ. ಆ ರಸವನ್ನು ಸಕ್ಕರೆಯ ಅಳತೆಗೆ ಬಳಸಬಾರದು.

ಪ್ರಯೋಗ ಮುಗಿದ ಮೇಲೆ ತಾಮ್ರದ ದ್ರಾವಣವನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲದೆ, ಹೆಸರು ಬರೆದ ಒಂದು ಬಾಟಲಿಯಲ್ಲಿ ಕೂಡಿಡಿ.