ಕ್ರಿಸ್‌ಮಸ್ ಸೀಸನ್ನಿನ ಇಂಗ್ಲಿಷ್: ಶೆಲ್ಫ್ ನೋಡಿ ಕಲಿತ ನನ್ನ ಅನುಭವ

ನಲವತ್ತೈದು ದಾಟಿದ ಮೇಲೆ ಇಂಗ್ಲೆಂಡಿನ ಒಂದು ಸೂಪರ್‌ಮಾರ್ಕೆಟ್ಟಿನ ಟಿಲ್‌ನಲ್ಲಿ, ಅಂದರೆ ಬಿಲ್ ಹಾಕಿ ದುಡ್ಡು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂತು ಕ್ರಿಸ್‌ಮಸ್ ಸೀಸನ್ ಪೂರ್ತಿ ಕೆಲಸ ಮಾಡಿದೆ. ಅದು 2024. ಗಿರಾಕಿ ಹೇಳಿದ್ದು ತಿಳಿಯದೆ ಸೂಪರ್‌ವೈಸರ್ ಕಡೆ ತಿರುಗಿದ್ದು ಎರಡೋ ಮೂರೋ ಸಲ ಇರಬೇಕು. ಜನವರಿಯಲ್ಲಿ ಸೀಸನ್ನಿಗೆ ಸೇರಿಸಿಕೊಂಡವರಲ್ಲಿ ಬಹಳ ಜನರನ್ನು ಕಳಿಸಿದರು. ನನ್ನನ್ನು ಗಿರಾಕಿಗಳು ಸಾಮಾನು ವಾಪಸ್ ತರುವ ರಿಟರ್ನ್ಸ್ ಡೆಸ್ಕಿಗೆ ಹಾಕಿ ಉಳಿಸಿಕೊಂಡರು. "ಮೂರು ತಿಂಗಳ ಹಬ್ಬದ ಪದ ಕಲಿತು ಏನು ಮಾಡ್ತೀಯಾ, ಮೊದಲು ಗ್ರಾಮರ್ ಸರಿ ಮಾಡ್ಕೋ" ಎಂದಿದ್ದ ಗೆಳತಿಯರೇ ಈಗ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆ್ಯಪ್, ಫ್ಲ್ಯಾಶ್ ಕಾರ್ಡ್, ಯೂಟ್ಯೂಬ್ ಪಾಠ ಎಲ್ಲ ನಿಮಗೆ ಗೊತ್ತಿರುವುದೇ. ನನಗೆ ಅವುಗಳಿಂದ ಎಷ್ಟು ದುಡ್ಡು ಹೋಯಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಸಂಜೆ ಕ್ಲಾಸಿಗೆ 180 ಪೌಂಡ್ ಹತ್ತಿರ. ಅಲ್ಲಿ ಕ್ರಿಸ್‌ಮಸ್ ಪಾಠ ಅಂತ ಕೊಟ್ಟಿದ್ದು ಒಂದೇ ಹಾಳೆ: ಸ್ನೋಮ್ಯಾನ್, ರೇನ್‌ಡಿಯರ್, ಸ್ಲೇ (ಹಿಮದ ಮೇಲೆ ಜಾರುವ ಗಾಡಿ). ಟಿಲ್ ಹತ್ತಿರ ಬಂದು ಇವನ್ನೆಲ್ಲ ಯಾರು ಮಾತಾಡುತ್ತಾರೆ? ಆ್ಯಪಿಗೆ ವರ್ಷಕ್ಕೆ 50 ಚಿಲ್ಲರೆ. ಅದರಲ್ಲಿ ನನಗೆ ನೂರಕ್ಕೆ ತೊಂಬತ್ತು ಬರುತ್ತಿತ್ತು, ಅಂಗಡಿಗೆ ಹೋದರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಕಾರ್ಡ್ ಪ್ರಿಂಟ್ ಹಾಕಿಸಿ ಲ್ಯಾಮಿನೇಶನ್ ಮಾಡಿಸಲು ಇನ್ನೊಂದು 20. ಚಿತ್ರ ಒಂದು ಕಡೆ, ಪದ ಇನ್ನೊಂದು ಕಡೆ. ಫೆಬ್ರವರಿ ಹೊತ್ತಿಗೆ ಅರ್ಧ ಮರೆತುಹೋಗಿತ್ತು. ಒಟ್ಟು 250 ಪೌಂಡ್. ಆಗಿನ ರೇಟಿಗೆ ಇಪ್ಪತ್ತೈದು ಸಾವಿರ ರೂಪಾಯಿಗಿಂತ ಜಾಸ್ತಿ. ಆಗ ನನ್ನ ಕೂಲಿ ಗಂಟೆಗೆ 11 ಪೌಂಡ್ ಚಿಲ್ಲರೆ ಇತ್ತು, ನೀವೇ ಲೆಕ್ಕ ಹಾಕಿ.

ಬಾಗಿನದ ಮೊರ, ಬಿಚ್ಚೋಲೆ, ಹಸಿರು ಬಳೆ ಇವನ್ನೆಲ್ಲ ನಾವು ಯಾವ ಕ್ಲಾಸಿನಲ್ಲಿ ಕಲಿತೆವು? ಗೌರಿ ಹಬ್ಬಕ್ಕೆ ಮುಂಚೆ ಅಮ್ಮನ ಜೊತೆ ಅಂಗಡಿ ಸುತ್ತಿ ಕಲಿತದ್ದು ಅಲ್ವಾ? ಇಲ್ಲಿಯೂ ಹಾಗೇ ಮಾಡಿದೆ. ಅಂಗಡಿಯ ಶೆಲ್ಫನ್ನೇ ಪಾಠಪಟ್ಟಿ ಮಾಡಿಕೊಂಡೆ.

ಇಲ್ಲಿ ಸೆಪ್ಟೆಂಬರಿನಲ್ಲೇ ಬಿಸ್ಕತ್ ಡಬ್ಬಿ, ಒಣಹಣ್ಣಿನ ಹೂರಣ ತುಂಬಿದ ಮಿನ್ಸ್ ಪೈ ಬಂದು ಕೂರುತ್ತವೆ. ಅಕ್ಟೋಬರಿನಲ್ಲಿ ಕಾರ್ಡ್, ರ್‍ಯಾಪಿಂಗ್ ಪೇಪರ್, ಗಿಫ್ಟ್ ಟ್ಯಾಗ್. ನವೆಂಬರಿನಲ್ಲಿ ಕ್ರಿಸ್‌ಮಸ್‌ವರೆಗೆ ದಿನಕ್ಕೊಂದು ಕಿಟಕಿ ತೆರೆಯುವ ಅಡ್ವೆಂಟ್ ಕ್ಯಾಲೆಂಡರ್, ಕ್ರಿಸ್‌ಮಸ್ ಮರಕ್ಕೆ ನೇತುಹಾಕುವ ಬಾಬಲ್ ಗುಂಡು, ಮಿರುಗುವ ಟಿನ್ಸೆಲ್ ಸರ, ಫೇರಿ ಲೈಟ್ಸ್ ಎಂಬ ಪುಟ್ಟ ದೀಪದ ಸರ, ಬಾಗಿಲಿಗೆ ತೂಗುಹಾಕುವ ರೀತ್. ಡಿಸೆಂಬರಿನಲ್ಲಿ ಊಟದ ಸಾಮಾನು: ಟರ್ಕಿ ಕ್ರೌನ್ (ಟರ್ಕಿ ಕೋಳಿಯ ಎದೆಭಾಗ), ಸ್ಟಫಿಂಗ್ (ಅದಕ್ಕೆ ತುಂಬುವ ಹೂರಣ), ಕ್ರ್ಯಾನ್‌ಬೆರಿ ಸಾಸ್, ಪಾರ್ಸ್‌ನಿಪ್ (ಬಿಳಿ ಕ್ಯಾರೆಟ್ಟಿನಂಥ ಗಡ್ಡೆ), ಸ್ಪ್ರೌಟ್ಸ್ (ಮೊಳಕೆಕಾಳಲ್ಲ, ಪುಟ್ಟ ಕೋಸು). ಬಾಕ್ಸಿಂಗ್ ಡೇ ಅಂದರೆ 26ರಿಂದ ರಿಫಂಡ್, ಎಕ್ಸ್‌ಚೇಂಜ್, ಕ್ಲಿಯರೆನ್ಸ್. ಸಾಮಾನು ಶೆಲ್ಫಿಗೆ ಬಂದ ವಾರವೇ ಆ ಪದ ಕಲಿಯಬೇಕು. ಮುಂಚೆ ಬೇಡ.

ಒಂದು ಸಲ ಹೋದರೆ ಎಂಟು ಹತ್ತು ಪದ ಸಾಕು. ಸಾಮಾನು ಕೈಯಲ್ಲಿ ಹಿಡಿಯಿರಿ, ಬೆಲೆ ನೋಡಿ. ಪಕ್ಕದಲ್ಲಿ ನಿಂತವರು ಅದರ ಬಗ್ಗೆ ಏನು ಹೇಳುತ್ತಾರೆ ಕೇಳಿ. ಆ ವಾಕ್ಯವನ್ನು ಪೂರ್ತಿಯಾಗಿ, ಕಿವಿಗೆ ಬಿದ್ದ ಹಾಗೆ, ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಪಕ್ಕದಲ್ಲಿ ಬೆಲೆಯನ್ನೂ ಬರೆಯಿರಿ. ಬೆಲೆ ನೆನಪಾದರೆ ಪದವೂ ನೆನಪಾಗುತ್ತದೆ, ಇದು ನನಗೆ ಪ್ರತಿ ಸಲವೂ ಕೆಲಸ ಮಾಡಿದೆ. "ಹ್ಯಾವ್ ಯು ಗಾಟ್ ಎನಿ ಮೋರ್ ಔಟ್ ದ ಬ್ಯಾಕ್?" ಅನ್ನುವುದು ನನ್ನ ಮೊದಲ ಪುಟದ ವಾಕ್ಯ. ಗೋಡೌನಿನಲ್ಲಿ ಇನ್ನೂ ಸ್ಟಾಕ್ ಇದೆಯಾ ಅಂತ ಕೇಳುವುದು. ಡಿಸೆಂಬರಿನಲ್ಲಿ ದಿನಕ್ಕೆ ಹತ್ತು ಜನ ಕೇಳುತ್ತಾರೆ, ಕ್ಲಾಸಿನಲ್ಲಿ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ಯಾವ ಹೊತ್ತಿಗೆ, ಯಾವ ಸಾಲಿನಲ್ಲಿ ನಿಂತರೆ ಒಳ್ಳೆಯ ಮಾತು ಕಿವಿಗೆ ಬೀಳುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಭಾನುವಾರ ನಮ್ಮ ಮನೆಗೆ ಕಲಿಯಲು ಬರುವವರಿಗೆ ಅದನ್ನು ಇಟ್ಟುಕೊಂಡಿದ್ದೇನೆ.

ನಾನು ಸಸ್ಯಾಹಾರಿ. ಅದರಿಂದ ತುಂಬಾ ಲಾಭವಾಯಿತು, ಏಕೆಂದರೆ ಲೇಬಲ್ ಓದದೆ ಏನೂ ಕೊಳ್ಳುವಂತಿಲ್ಲ. ಮಿನ್ಸ್ ಪೈ ಒಳಗಿನ ಮಿನ್ಸ್‌ಮೀಟಿನಲ್ಲಿ ಈಗ ಮಾಂಸ ಇರುವುದಿಲ್ಲ. ಒಣದ್ರಾಕ್ಷಿ, ಸೇಬು, ಸಕ್ಕರೆ, ಮಸಾಲೆ ಇರುತ್ತವೆ. ಆದರೆ ಸೂಯೆಟ್ ಇರಬಹುದು. ಅದು ದನದ ಕೊಬ್ಬಿನದೂ ಆಗಿರಬಹುದು, ಸಸ್ಯದ ಎಣ್ಣೆಯದೂ ಆಗಿರಬಹುದು. ಕ್ರಿಸ್‌ಮಸ್ ಪುಡಿಂಗಿಗೂ ಇದೇ ಮಾತು, ಜೊತೆಗೆ ಬ್ರಾಂಡಿ ಬೇರೆ. ಮಾರ್ಷ್‌ಮ್ಯಾಲೋ ಮಿಠಾಯಿ ತೆಗೆದರೆ ಜೆಲಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು. ಹುರಿದ ಆಲೂಗಡ್ಡೆ ಪ್ಯಾಕೆಟ್ ತಿರುಗಿಸಿದರೆ ಗೂಸ್ ಫ್ಯಾಟ್, ಅಂದರೆ ಹೆಬ್ಬಾತಿನ ಕೊಬ್ಬು! ಪಿಗ್ಸ್ ಇನ್ ಬ್ಲಾಂಕೆಟ್ಸ್ ಅಂದರೆ ಬೇಕನ್ ಸುತ್ತಿದ ಸಾಸೇಜ್. ಒಂದು ಪ್ಯಾಕೆಟ್ಟಿನ ಹಿಂಬದಿಯಲ್ಲೇ ಹದಿನೈದು ಇಪ್ಪತ್ತು ಪದ ಸಿಗುತ್ತವೆ, ಪುಕ್ಕಟೆ. ಟಿಲ್‌ನಲ್ಲಿ ಯಾರೋ "ಈಸ್ ದಿಸ್ ಓಕೆ ಫಾರ್ ವೆಜಿಟೇರಿಯನ್ಸ್?" ಅಂತ ಕೇಳಿದರೆ, ಹಳಬರು ಪ್ಯಾಕೆಟ್ ತಿರುಗಿಸುವ ಮುಂಚೆ ನಾನು ಉತ್ತರ ಕೊಟ್ಟಿರುತ್ತಿದ್ದೆ.

ಇನ್ನೊಂದು ಭಾಗ, ವಯಸ್ಸು ಕೇಳುವುದು. ಕ್ರಿಸ್‌ಮಸ್ ಕ್ರ್ಯಾಕರ್ ಅಂದರೆ ಇಬ್ಬರು ಎರಡು ತುದಿ ಹಿಡಿದು ಎಳೆಯುವ ಕಾಗದದ ಕೊಳವೆ. ಅದನ್ನು 12 ವರ್ಷಕ್ಕಿಂತ ಚಿಕ್ಕವರಿಗೆ ಮಾರುವಂತಿಲ್ಲ. ಎಳೆದರೆ ಪಟ್ ಅನ್ನುವ ಮದ್ದಿನ ಪಟ್ಟಿ ಅದರೊಳಗೆ ಇರುತ್ತದೆ. ಲಿಕರ್ ತುಂಬಿದ ಚಾಕೊಲೇಟಿಗೆ 16, ವೈನ್, ಬ್ರಾಂಡಿಗೆ 18. ಇಲ್ಲಿ ಪದ ಗೊತ್ತಿದ್ದರೆ ಸಾಲದು, ಇಲ್ಲ ಎಂದು ಹೇಳುವ ಧಾಟಿ ಬೇಕು. ಬರೀ "ನೋ" ಅಂದರೆ ಜಗಳ. "ಐಯಾಮ್ ಅಫ್ರೇಡ್ ಐ ಕಾಂಟ್ ಸೆಲ್ ಯು ದೀಸ್" (ಕ್ಷಮಿಸಿ, ಇವನ್ನು ನಿಮಗೆ ಮಾರಲು ಆಗುವುದಿಲ್ಲ) ಅನ್ನುವುದನ್ನು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಗಟ್ಟಿಯಾಗಿ ಹೇಳಿಕೊಂಡೆ.

ಮಧ್ಯೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಚರ್ಚಿನಲ್ಲಿ ಹಾಡುವ ಕ್ಯಾರಲ್‌ಗಳನ್ನು ಬಾಯಿಪಾಠ ಮಾಡಿದೆ. ಅವುಗಳಲ್ಲಿ ಹಳೇ ಕಾಲದ ಮಾತು ಜಾಸ್ತಿ, ಟಿಲ್‌ನಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಆದರೆ ಪದದ ಕೊನೆಗೆ ಉಕಾರ ಸೇರಿಸುವ ನಮ್ಮ ಅಭ್ಯಾಸ ರಾಗದಲ್ಲಿ ಹಾಡಿದಾಗ ಎಷ್ಟೋ ಕಮ್ಮಿಯಾಯಿತು. ಕ್ರ್ಯಾಕರ್ ಒಳಗಿನ ಜೋಕ್ ಚೀಟಿಗಳನ್ನೂ ಕೂಡಿಟ್ಟೆ. ಎಲ್ಲ ಶ್ಲೇಷೆಯೇ. ಸೀಸನ್ ಮುಗಿದ ಮೇಲೆ ಅರ್ಧ ಬೆಲೆಗೆ ಬರುವ ಕ್ರ್ಯಾಕರ್ ಡಬ್ಬಿ 2 ಪೌಂಡಿಗೆ ಸಿಕ್ಕಿತ್ತು. ಅದರ ಚೀಟಿಗಳನ್ನು ತಿಂಗಳಿಗೆ ಒಂದರಂತೆ ತೆಗೆದು ಬಿಡಿಸುತ್ತೇನೆ. ಮುಂದಿನ ಸೆಪ್ಟೆಂಬರ್‌ವರೆಗೆ ಪದ ಮರೆಯದ ಹಾಗೆ ಇನ್ನೊಂದು ಉಪಾಯವೂ ಇದೆ. ಅದನ್ನು ಈ ವರ್ಷ ಇನ್ನೊಬ್ಬರ ಮೇಲೆ ಪರೀಕ್ಷೆ ಮಾಡಿ ಆಮೇಲೆ ಹೇಳುತ್ತೇನೆ.

ರಿಟರ್ನ್ಸ್ ಡೆಸ್ಕಿನ ಇಂಗ್ಲಿಷ್ ಬೇರೆಯದೇ. ಅಂಗಡಿಯಲ್ಲಿ ನೋಡಿ ಕೊಂಡದ್ದನ್ನು ಇಷ್ಟವಾಗಲಿಲ್ಲ ಅಂತ ತಂದರೆ ದುಡ್ಡು ವಾಪಸ್ ಕೊಡಲೇಬೇಕು ಅನ್ನುವ ಕಾನೂನು ಇಲ್ಲಿ ಇಲ್ಲ. ಅದು ಅಂಗಡಿಯ ಪಾಲಿಸಿಗೆ ಬಿಟ್ಟದ್ದು. ಸಾಮಾನು ಕೆಟ್ಟಿದ್ದರೆ ಕಾನೂನು ಗಿರಾಕಿಯ ಕಡೆ. ಜಂಪರ್ (ಸ್ವೆಟರ್) ಸೈಜ್ ಆಗಲಿಲ್ಲ, ಗಿಫ್ಟ್ ರಿಸೀಟ್ ಕಳೆದುಹೋಯಿತು, ಅತ್ತೆ ಕೊಟ್ಟದ್ದು ಬೇಡ, ಎಲ್ಲಕ್ಕೂ ಬೇರೆ ಬೇರೆ ವಾಕ್ಯ. ಒಂದು ಇಡೀ ನೋಟ್‌ಬುಕ್ ತುಂಬಿದೆ.

ಈಗ ಗ್ಲಾಸ್ಗೋದಲ್ಲಿರುವ ನನ್ನ ತಂಗಿಗೆ ಪಟ್ಟಿ ಮಾಡಿಕೊಡುತ್ತಿದ್ದೇನೆ. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 31ರ ಹಾಗ್ಮನೇ ಅನ್ನುವ ವರ್ಷದ ಕೊನೆಯ ಹಬ್ಬ ಬಹಳ ದೊಡ್ಡದು, ಜನವರಿ 2 ಕೂಡ ರಜೆ. ಶಾರ್ಟ್‌ಬ್ರೆಡ್ (ಬೆಣ್ಣೆ ಬಿಸ್ಕತ್), ಬ್ಲ್ಯಾಕ್ ಬನ್ (ಒಣಹಣ್ಣಿನ ಕೇಕ್), ಫಸ್ಟ್ ಫುಟ್ (ಹೊಸ ವರ್ಷದಲ್ಲಿ ಮನೆಗೆ ಮೊದಲು ಕಾಲಿಡುವವರು), ಇವು ನನ್ನ ಪುಸ್ತಕದಲ್ಲಿ ಇರಲಿಲ್ಲ. ನವೆಂಬರಿನಲ್ಲಿ ಒಂದು ವಾರ ಅಲ್ಲಿಗೆ ಹೋಗಿ ಶೆಲ್ಫ್ ನೋಡಿಕೊಂಡು ಬರುತ್ತೇನೆ. ರೈಲಿಗೆ ಈಗಲೇ ಟಿಕೆಟ್ ನೋಡುತ್ತಿದ್ದೇನೆ.