ಮುದ್ದೆ ಕಟ್ಟಿ ಗೆಂಡೆ ಹಿಡಿದದ್ದು

ಗೆಂಡೆ, ಅಂದರೆ ಕಾರ್ಪ್ ಮೀನು, ಗಾಳಕ್ಕೆ ಬೀಳೋದು ಅದೃಷ್ಟ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಿಂದಿನ ದಿನ ಸಂಜೆ ಏರಿ ಮೇಲೆ ಓಡಾಡಿ, ಜಾಗ ನೋಡಿ, ಮೇವು ಹಾಕಿ ಬರುವಾಗಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಉಳಿದದ್ದು ಸುಮ್ನೆ ಕೂತಿರೋದು. ಶಿವರಾತ್ರಿ ಕಳೆದ ಮೇಲೆ ಗೆಳೆಯನ ಜೊತೆ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆ ಒಂದು ಕೆರೆಗೆ ಹೋಗಿದ್ದೆ. ಅಲ್ಲಿ ಏನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಅಂತ ಬರೆಯುತ್ತೇನೆ. ಕೆರೆ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ನಮಗೇ ಕೂರಲು ಜಾಗ ಇರುವುದಿಲ್ಲ.

ಗೆಳೆಯ ಕೋಲಾರದ ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುತ್ತಾನೆ. ಸೀಸನ್ ಏರಿದರೆ ಫೋನ್ ಕೂಡ ಎತ್ತುವುದಿಲ್ಲ. ಹಾಗಾಗಿ ನಮ್ಮ ಗಾಳದ ಕಾಲ ಅಂದರೆ ಮಂಡಿ ತಣ್ಣಗಿರುವ ಕಾಲ. ಅದೃಷ್ಟಕ್ಕೆ ಮೀನಿಗೂ ಅದೇ ಹೊತ್ತು ಚೆನ್ನಾಗಿರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದಲ್ವಾ, ಆಮೇಲೆ ನೀರು ಸ್ವಲ್ಪ ಬೆಚ್ಚಗಾಗುತ್ತದೆ, ಚಳಿಗಾಲದಲ್ಲಿ ಮಂಕಾಗಿ ತಳದಲ್ಲಿ ಬಿದ್ದಿದ್ದ ಗೆಂಡೆ ಹೊಟ್ಟೆಗೆ ಹುಡುಕಲು ಶುರು ಮಾಡುತ್ತದೆ, ಜೊತೆಗೆ ಕೆರೆ ನೀರು ಇಳಿದು ಮೀನು ಒಂದು ಕಡೆ ಸೇರಿರುತ್ತದೆ.

ಹೊರಡುವ ಮೊದಲು ಒಂದು ಮಾತು. ನಮ್ಮ ಕಡೆ ಕೆರೆ ಮೀನು ಸುಮ್ನೆ ಬಿದ್ದಿರುವ ಮೀನಲ್ಲ. ಯಾರೋ ಟೆಂಡರ್ ಹಿಡಿದು, ದುಡ್ಡು ಕಟ್ಟಿ, ಮರಿ ತಂದು ಬಿಟ್ಟಿರುತ್ತಾರೆ. ನಾವು ಹೋಗಿ ಗಾಳ ಹಾಕಿದರೆ ಅವರ ಕಣ್ಣಿಗೆ ಕಳ್ಳರೇ. ಏರಿ ಪಕ್ಕದ ಟೀ ಅಂಗಡಿಯಲ್ಲಿ ಕೇಳಿದರೆ ಯಾರ ಕೆರೆ ಅಂತ ಹೇಳುತ್ತಾರೆ. ನಾವು ಹೋದ ಕೆರೆಯವರು ಒಪ್ಪಿದರು. ಬಲೆ ತರಬಾರದು, ಸಣ್ಣ ಮೀನು ಬಿಡಬೇಕು, ಹೋಗುವಾಗ ಒಂದು ಮೀನು ಕೊಟ್ಟು ಹೋಗಬೇಕು. ಅಷ್ಟೇ ಷರತ್ತು.

ಕೆರೆ ಓದೋದು ಹೇಗೆ ಅಂತ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಹೆಚ್ಚಿನವರು ಬೈಕ್ ನಿಲ್ಲಿಸಿದ ಕಡೆಯೇ ಗಾಳ ಹಾಕಿಬಿಡುತ್ತಾರೆ. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬರ ಬಂದಾಗೆಲ್ಲ ಕೆರೆಗಳು ಬರಿದಾಗಿ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿತ್ತು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆ ಕೋಡಿ ಬಿದ್ದವು. ಆ ಜಾಲಿ ಗಿಡಗಳೆಲ್ಲ ನಿಂತಲ್ಲೇ ಮುಳುಗಿದವು. ಈಗ ಅವು ನೀರೊಳಗೆ ಕರಿ ಮುಳ್ಳಿನ ಪೊದೆ. ಗೆಂಡೆಗೆ ಅದು ಮನೆ, ನಮ್ಮ ದಾರಕ್ಕೆ ಗರಗಸ. ಇನ್ನೊಂದು, ಹೂಳೆತ್ತುವಾಗ, ಇಟ್ಟಿಗೆಗೆ ಮಣ್ಣು ತೆಗೆಯುವಾಗ ಜೆಸಿಬಿ ತೋಡಿದ ಗುಂಡಿಗಳು. ಮೇಲಿಂದ ನೋಡಿದರೆ ನೀರೆಲ್ಲ ಒಂದೇ ಥರ. ಮೊಣಕಾಲುದ್ದದ ನೀರಿನಲ್ಲಿ ಎರಡು ಹೆಜ್ಜೆ ಇಟ್ಟರೆ ಆಳೆತ್ತರದ ಗುಂಡಿ. ಬಿಸಿಲು ಏರಿದಾಗ ದೊಡ್ಡ ಮೀನು ಆ ಗುಂಡಿಯಲ್ಲೇ ಇರುತ್ತದೆ, ನಿಜ. ಆದರೆ ಈಜು ಬರುವವರೂ ಅಂಥ ಗುಂಡಿಯಲ್ಲಿ ಜೀವ ಕಳೆದುಕೊಂಡಿದ್ದಾರೆ. ನೀರಿಗೆ ಇಳಿಯಲೇಬೇಡಿ. ದಾರಕ್ಕೆ ಬರೀ ಸೀಸ ಕಟ್ಟಿ ಎಸೆದು, ತಳ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅಂತ ಮನಸ್ಸಿನಲ್ಲೇ ಎಣಿಸಿ ನೋಡಿದರೆ ದಡದಿಂದಲೇ ಆಳ ಗೊತ್ತಾಗುತ್ತದೆ.

ಆಮೇಲೆ ಗುಳ್ಳೆ ನೋಡಬೇಕು. ಒಂದೇ ಜಾಗದಲ್ಲಿ ಆಗಾಗ ಬುಳಕ್ ಅಂತ ಬಂದರೆ ಅದು ಕೆಸರಿನ ಗ್ಯಾಸ್. ಸಣ್ಣ ಸಣ್ಣ ಗುಳ್ಳೆ ನೊರೆಯ ಥರ ಸಾಲಾಗಿ ಮುಂದೆ ಸಾಗುತ್ತಾ ಹೋದರೆ, ಜೊತೆಗೆ ನೀರು ಕದಡಿದ ಟೀ ಬಣ್ಣಕ್ಕೆ ತಿರುಗಿದರೆ, ಕೆಳಗೆ ಗೆಂಡೆ ಕೆಸರು ಕೆದಕುತ್ತಾ ಹೋಗುತ್ತಿದೆ ಅಂತ ಅರ್ಥ. ಸಂಜೆ ನಮಗೆ ಅದು ಕಂಡಿದ್ದು ನೀರು ಬರುವ ಹಳೇ ಕಾಲುವೆಯ ಬಾಯಲ್ಲಿ. ಅಲ್ಲೇ ಮೇವು ಹಾಕಿದೆವು. ಅಕ್ಕಿ ತೌಡು, ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಬೇಯಿಸಿದ ಮುಸುಕಿನ ಜೋಳ, ಎಲ್ಲ ಕಲಸಿ ಕಿತ್ತಳೆ ಗಾತ್ರದ ಉಂಡೆ. ಒಂದಷ್ಟು ಉಂಡೆ ಸಾಕು, ಬುಟ್ಟಿಗಟ್ಟಲೆ ಬೇಡ. ಗೆಂಡೆಗೆ ಜಠರ ಅಂತ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಅದಕ್ಕೇ ಅದು ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರುತ್ತದೆ. ಹೊಟ್ಟೆ ತುಂಬಿಸುವುದು ನಮ್ಮ ಉದ್ದೇಶ ಅಲ್ಲ, ಇಲ್ಲಿ ಏನೋ ಸಿಗುತ್ತದೆ ಅಂತ ಬೆಳಗ್ಗೆ ತಿರುಗಿ ಬರುವಂತೆ ಮಾಡೋದು. ಜೋಳವನ್ನು ಹಸಿಯಾಗಿ ಹಾಕಬೇಡಿ, ಒಣ ಕಾಳು ಮೀನಿನ ಹೊಟ್ಟೆಯಲ್ಲಿ ಊದಿಕೊಳ್ಳುತ್ತದೆ. ರಾತ್ರಿಯೆಲ್ಲ ನೆನೆಸಿ, ಬಿರಿಯುವವರೆಗೆ ಬೇಯಿಸಿ.

ಇನ್ನು ಗಾಳದ ಹಿಟ್ಟು. ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್ ಸಿಗುತ್ತವೆ. ನಾನು ಮನೆಯ ಮುದ್ದೆಯನ್ನೇ ನಂಬುತ್ತೇನೆ. ರಾತ್ರಿ ಉಳಿದ ರಾಗಿ ಮುದ್ದೆ ಆರಿದ ಮೇಲೆ ಅದಕ್ಕೆ ಜರಡಿ ಹಿಡಿದ ಹಿಂಡಿ ಪುಡಿ, ಒಂದು ಹಿಡಿ ಮೈದಾ, ಸ್ವಲ್ಪ ಬೆಲ್ಲ, ಹುರಿದು ಕುಟ್ಟಿದ ಸೋಂಪು ಹಾಕಿ ಚೆನ್ನಾಗಿ ನಾದಬೇಕು. ಬರೀ ಮುದ್ದೆಯಾದರೆ ಎಸೆಯುವಾಗಲೇ ಕೊಕ್ಕೆಯಿಂದ ಹಾರಿ ಹೋಗುತ್ತದೆ, ಮೈದಾ ಜಾಸ್ತಿಯಾದರೆ ರಬ್ಬರ್ ಆಗಿ ಒಳಗಿನ ವಾಸನೆ ನೀರಿಗೆ ಬಿಡುವುದೇ ಇಲ್ಲ. ಹದ ನೋಡಲು ಒಂದು ಉಂಡೆ ಲೋಟದ ನೀರಿಗೆ ಹಾಕಿಡಿ. ಕಾಲು ಗಂಟೆ ಆದ ಮೇಲೆ ಅಂಚು ಮಾತ್ರ ಕರಗಿ ಮೋಡದ ಹಾಗೆ ಹರಡಿ, ನಡುವೆ ಗಟ್ಟಿಯಾಗಿ ಉಳಿದಿದ್ದರೆ ಅದೇ ಹದ. ಗೆಳೆಯ ಇದಕ್ಕೆ ಚಿಟಿಕೆ ಇಂಗು ಹಾಕುತ್ತಾನೆ. ಅದರಿಂದ ಮೀನಿಗೆ ಏನಾಗುತ್ತೋ, ನನ್ನ ಬ್ಯಾಗ್ ಮಾತ್ರ ವಾರಗಟ್ಟಲೆ ಸಾರಿನ ವಾಸನೆ ಹೊಡೆಯುತ್ತದೆ.

ಸಾಮಾನು ಜಾಸ್ತಿ ಏನಿಲ್ಲ. ಅವನದು ಸ್ಪ್ರಿಂಗ್ ಗಾಳ. ಸ್ಪ್ರಿಂಗ್ ಸುತ್ತ ಹಿಟ್ಟು ಮೆತ್ತಿ, ಗಿಡ್ಡ ದಾರದ ಕೊಕ್ಕೆಗಳನ್ನು ಹಿಟ್ಟಿನೊಳಗೇ ಚುಚ್ಚಿ ಎಸೆಯೋದು. ದಾರ ಸುತ್ತಿರೋದು ಖಾಲಿ ನೀರಿನ ಬಾಟಲಿಗೆ. ಮೀನು ಹಿಟ್ಟು ಹೀರುತ್ತಾ ಹೀರುತ್ತಾ ಕೊಕ್ಕೆಯನ್ನೂ ಎಳೆದುಕೊಳ್ಳುತ್ತದೆ. ನನ್ನದು 9 ಅಡಿ ರಾಡು, ರೀಲು, ಒಂದೇ ಕೊಕ್ಕೆ. ಅದರಲ್ಲಿ ಇಂಗ್ಲೆಂಡಿನ ಗಾಳದವರು ಕಂಡುಹಿಡಿದ ಹೇರ್ ರಿಗ್ ಕಟ್ಟುತ್ತೇನೆ. ಕೊಕ್ಕೆಯ ಹಿಂದೆ ಬೆರಳಗಲದ ದಾರದ ತುಂಡು ಬಿಟ್ಟು, ಜೋಳದ ಕಾಳನ್ನು ಆ ದಾರಕ್ಕೆ ಪೋಣಿಸೋದು. ಕೊಕ್ಕೆ ಬರಿದಾಗಿಯೇ ಇರುತ್ತದೆ. ಕೆಲಸ ಮಾಡೋದು ಹೇಗೆ ಅಂದರೆ, ಗೆಂಡೆ ಯಾವುದನ್ನೂ ಮೊದಲೇ ನುಂಗುವುದಿಲ್ಲ. ಬಾಯನ್ನು ಕೊಳವೆ ಥರ ಮುಂದೆ ಚಾಚಿ ಹೀರುತ್ತದೆ, ಅನುಮಾನ ಬಂದರೆ ಉಗಿಯುತ್ತದೆ. ಕಾಳು ಹೊರಗೆ ಹೋಗುವಾಗ ಬರಿ ಕೊಕ್ಕೆ ಹಿಂದೆ ತಿರುಗಿ ಕೆಳತುಟಿಗೆ ನಾಟಿಕೊಳ್ಳುತ್ತದೆ. ಜಿಲೇಬಿ ಮೀನು (ತಿಲಾಪಿಯಾ) ಜಾಸ್ತಿ ಇರುವ ಕೆರೆಯಲ್ಲಿ ಜೋಳ ಇನ್ನೂ ಒಳ್ಳೆಯದು. ಮುದ್ದೆಯನ್ನು ಅವು ನಿಮಿಷದಲ್ಲಿ ಚೂರು ಚೂರು ಮಾಡಿಬಿಡುತ್ತವೆ, ಬೆಂದ ಕಾಳು ಸ್ವಲ್ಪ ತಡೆಯುತ್ತದೆ.

ಬೆಳಗ್ಗೆ ಬೆಳಕು ಹರಿಯುವ ಮೊದಲೇ ಕೂತೆವು. ಸುತ್ತಲಿನ ತೋಟಗಳಲ್ಲಿ ಮಾವು ಹೂ ಬಿಟ್ಟು ಪಿಂದೆ ಕಟ್ಟುತ್ತಿತ್ತು. ಮೊದಲ ಒಂದು ಗಂಟೆ ಬರೀ ಜಿಲೇಬಿ. ರಾಡ್ ತುದಿ ಟಿಕ್ ಟಿಕ್ ಅನ್ನುತ್ತದೆ, ನಾನು ಕೈ ಹಾಕುತ್ತೇನೆ, ಗೆಳೆಯ "ಜಿಲೇಬಿ ಕಣೋ ಅದು, ಬಿಡು ಮಗಾ" ಅನ್ನುತ್ತಾನೆ. ಅವನು ಹೇಳಿದ್ದು ಸರಿ. ಗೆಂಡೆಯ ಕಚ್ಚು ಬೇರೆ. ದಾರ ಒಮ್ಮೆ ಸಡಿಲಾಗಿ, ಮತ್ತೆ ನಿಧಾನಕ್ಕೆ ಬಿಗಿಯಾಗಿ, ಆಮೇಲೆ ನಿಲ್ಲದೆ ಹೋಗುತ್ತಲೇ ಇರುತ್ತದೆ. ಬಿಸಿಲು ಏರಿಗೆ ಬೀಳುವ ಹೊತ್ತಿಗೆ ನನ್ನ ರೀಲು ಕಿರ್ರ್ ಅಂತು. ಮೀನು ನೇರ ಜಾಲಿ ಪೊದೆ ಕಡೆ ಹೊರಟಿತು. ಅಲ್ಲಿ ಬಲ ಮಾಡಿ ಎದುರಿಗೆ ಎಳೆದರೆ ದಾರ ಹೋಗುತ್ತದೆ, ಬಿಟ್ಟರೆ ಪೊದೆ ಸೇರುತ್ತದೆ. ರಾಡನ್ನು ನೀರಿನ ಮಟ್ಟಕ್ಕೆ ಬಗ್ಗಿಸಿ ಪಕ್ಕಕ್ಕೆ ಎಳೆದು ತಲೆ ತಿರುಗಿಸಬೇಕು, ತಲೆ ತಿರುಗಿದರೆ ಮೈ ಹಿಂದೆಯೇ ಬರುತ್ತದೆ. ಗೆಳೆಯ ತನ್ನ ದಾರ ಎಲ್ಲ ಸುತ್ತಿ ದಾರಿ ಬಿಟ್ಟು, ಗಾಳಕ್ಕೆ ಬಿದ್ದ ಮೀನನ್ನು ಮೇಲೆತ್ತುವ ಬಲೆಬುಟ್ಟಿ ಹಿಡಿದು ನಿಂತ. ಜೊತೆಗೊಬ್ಬ ಇರಬೇಕು ಅನ್ನೋದು ಈ ಹೊತ್ತಿಗೇ.

4 ಕೆಜಿ ಹತ್ತಿರದ ಕಾಮನ್ ಕಾರ್ಪ್. ಹುರುಪೆ ಒಂದೊಂದೂ ಹಳೇ ಹಿತ್ತಾಳೆ ಬಣ್ಣ, ಅಂಚಿಗೆ ಕಪ್ಪು ಗೆರೆ. ಬಾಯ ಪಕ್ಕ ಎರಡು ಜೊತೆ ಮೀಸೆ. ಬೆನ್ನಿನ ರೆಕ್ಕೆಯ ಮೊದಲ ಮುಳ್ಳನ್ನು ಹಿಂದಿನಿಂದ ಸವರಿದರೆ ಗರಗಸದ ಹಲ್ಲು ಸಿಗುತ್ತದೆ, ಅದು ಬಲೆಗೆ ಸಿಕ್ಕಿಕೊಂಡರೆ ಬಿಡಿಸೋದೇ ದೊಡ್ಡ ಕೆಲಸ. ಬಾಯೊಳಗೆ ಬೆರಳು ಹಾಕಿದರೆ ಹಲ್ಲೇ ಇಲ್ಲ. ಅರೆಯುವ ಹಲ್ಲು ಇರೋದು ಗಂಟಲಲ್ಲಿ.

ಹೊಟ್ಟೆ ಉಬ್ಬಿತ್ತು. ಮೊಟ್ಟೆ. ಇಲ್ಲೇ ನಮ್ಮಿಬ್ಬರಿಗೆ ಜಗಳ. ನಮ್ಮ ದೇಶದ ಗೆಂಡೆಗಳಾದ ಕಾಟ್ಲಾ, ರೋಹು, ಮೃಗಾಲ್ ನಿಂತ ಕೆರೆ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಹರಿಯುವ ನೀರು ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಹಾರ್ಮೋನ್ ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಗೆಲ್ಲ ಮರಿ ಸಿಗುವಂತಾದದ್ದು. ಕಾಮನ್ ಕಾರ್ಪ್ ಹಾಗಲ್ಲ, ಹೊರಗಿಂದ ಬಂದ ಮೀನು, ಆದರೆ ಕೆರೆಯಲ್ಲೇ ಗಿಡಗಂಟಿಗೆ ಮೊಟ್ಟೆ ಅಂಟಿಸಿ ತಾನೇ ಹೆಚ್ಚುತ್ತದೆ. ಹಾಗಾಗಿ ಮೊಟ್ಟೆ ತುಂಬಿದ್ದನ್ನು ಬಿಡೋಣ ಅಂದೆ. ಅವನು, ಬಿಟ್ಟರೆ ನಾಳೆ ಬೇರೆಯವರು ಹಿಡಿಯುತ್ತಾರೆ, ಅದೂ ಅಲ್ಲದೆ ತಳ ಕೆದಕಿ ನೀರು ರಾಡಿ ಮಾಡೋದು ಇದೇ ಅಂದ. ಅವನ ಮಾತಲ್ಲೂ ಹುರುಳಿತ್ತು. ಆದರೆ ರಾಡು ನನ್ನದು, ಬಿಟ್ಟೆ. ಆಮೇಲೆ ಅವನ ಸ್ಪ್ರಿಂಗಿಗೆ ಎರಡು ರೋಹು ಬಿದ್ದವು. ಒಂದು ಟೆಂಡರ್‌ನವರಿಗೆ ಕೊಟ್ಟೆವು, ಇನ್ನೊಂದು ಮನೆಗೆ.

ತಿನ್ನುವ ವಿಷಯಕ್ಕೆ ಬಂದರೆ, ಯಾವ ಕೆರೆ ಅನ್ನೋದು ಮುಖ್ಯ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಎಷ್ಟೋ ಕೆರೆ ತುಂಬಿಸಿದೆ. ಆ ಕೆರೆಗಳಲ್ಲಿ ನಾನು ಹಿಡಿದು ಬಿಡುತ್ತೇನೆ, ತಿನ್ನುವುದಿಲ್ಲ. ಇದು ನನ್ನ ಲೆಕ್ಕ, ತಿನ್ನುವವರನ್ನು ಬೇಡ ಅನ್ನುವುದಿಲ್ಲ. ಈ ಕೆರೆ ಮಳೆ ನೀರಿನದು. ಆದರೂ ಕೆಸರು ವಾಸನೆ ಇರುತ್ತದೆ. ಉಪ್ಪು, ಅರಿಶಿನ, ಹುಣಸೆ ರಸದಲ್ಲಿ ಅರ್ಧ ಗಂಟೆ ಇಟ್ಟು ತೊಳೆದರೆ ಬಹಳ ಮಟ್ಟಿಗೆ ಹೋಗುತ್ತದೆ. ರೋಹುವಿನಲ್ಲಿ ಸಣ್ಣ ಕವಲು ಮುಳ್ಳು ಜಾಸ್ತಿ, ಹುರಿಯುವುದಾದರೆ ಒತ್ತೊತ್ತಾಗಿ ಗೀರು ಹಾಕಿ, ಮುಳ್ಳು ತುಂಡಾಗಿ ಎಣ್ಣೆಯಲ್ಲಿ ಗರಿಯಾಗುತ್ತವೆ. ತಲೆ ಮಾತ್ರ ಸಾರಿಗೆ.

ಗೆಳೆಯ ಈಗ ಕಡಲೆಕಾಯಿ ಹಿಂಡಿ ಬಿಟ್ಟು ಎಳ್ಳು ಹಿಂಡಿ ಹಾಕಿ ನೋಡಬೇಕು ಅಂತ ಹಟ ಹಿಡಿದಿದ್ದಾನೆ. ಕೋಲಾರದಲ್ಲೋ ಚಿಂತಾಮಣಿಯಲ್ಲೋ ಒಂದೆರಡು ಕೆಜಿ ಚಿಲ್ಲರೆಯಾಗಿ ಕೊಡುವ ಗಾಣ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಮೂಟೆ ಲೆಕ್ಕದಲ್ಲಿ ನಮಗೆ ಬೇಡ.