ದಿನಕ್ಕೆ ಎರಡೇ ವೈನರಿ: ನಾಪಾ ಮಧುಚಂದ್ರಕ್ಕೆ ನಾನು ಹಾಕಿಕೊಂಡ ಲೆಕ್ಕ

ಭಾರತದಿಂದ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯವರೆಗೆ, ಅಷ್ಟು ದೂರ ಬಂದ ಜೋಡಿಗೆ ದಿನಕ್ಕೆ ಎರಡೇ ವೈನರಿ (ವೈನ್ ತಯಾರಿಸಿ ರುಚಿ ತೋರಿಸುವ ಜಾಗ) ತೋರಿಸುತ್ತೀರಾ ಎಂದು ನನ್ನನ್ನು ಕೇಳದವರಿಲ್ಲ. ಪ್ರವಾಸ ಹೊಂದಿಸುವ ನಮ್ಮ ಕಸುಬಿನವರೇ ಕೇಳಿದರು, ಕಾರು ಓಡಿಸುವವರು ಕೇಳಿದರು, ಹಣ ಕೊಡುವ ಮಾವಂದಿರಂತೂ ಮೊದಲ ಫೋನಿನಲ್ಲೇ ಕೇಳಿದರು. ನಾಲ್ಕೈದು ವೈನರಿ ಇಲ್ಲದ ಪಟ್ಟಿ ಯಾರಿಗೂ ರುಚಿಸುತ್ತಿರಲಿಲ್ಲ. ಈಗ ಪರಿಸ್ಥಿತಿ ಬೇರೆಯಾಗಿದೆ. ಕಳೆದ ಒಂದೆರಡು ಚಳಿಗಾಲಗಳಲ್ಲಿ ನನ್ನ ಕ್ರಮದಲ್ಲಿ ನಾಪಾ ನೋಡಿ ಬಂದವರಲ್ಲಿ ಹೆಚ್ಚಿನವರು ತಮ್ಮ ಸ್ನೇಹಿತರನ್ನೂ ತಂಗಿಯರನ್ನೂ ನನ್ನ ಬಳಿಗೇ ಕಳುಹಿಸಿದ್ದಾರೆ. ಆ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ. ಬುಕಿಂಗ್ ಮಾಡುವುದು ಹೇಗೆ, ಕೆಂಪು ವೈನುಗಳಾದ ಕ್ಯಾಬರ್ನೆಗೂ ಪಿನೊ ನ್ವಾಗೂ ವ್ಯತ್ಯಾಸವೇನು ಎಂಬುದೆಲ್ಲ ಇದೇ ಕಸುಬಿನ ನಿಮಗೆ ತಿಳಿದದ್ದೇ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ಗ್ಲಾಸಿನ ಲೆಕ್ಕ. ಒಂದು ಟೇಸ್ಟಿಂಗ್‌ನಲ್ಲಿ, ಅಂದರೆ ವೈನರಿಯಲ್ಲಿ ಕೂತು ರುಚಿ ನೋಡುವ ಒಂದು ಸುತ್ತಿನಲ್ಲಿ, ಸಾಮಾನ್ಯವಾಗಿ ಐದು ಬಗೆ ಸುರಿಯುತ್ತಾರೆ. ಒಂದೊಂದು ಸಲಕ್ಕೆ 45 ಮಿಲಿಲೀಟರ್ ಎಂದು ಹಿಡಿದರೂ 225 ಆಯಿತು, ಅಂದರೆ ಊಟದ ಮೇಜಿನ ಒಂದೂವರೆ ಗ್ಲಾಸು. ನಾಲ್ಕು ವೈನರಿ ಸುತ್ತಿದರೆ 900 ಮಿಲಿಲೀಟರ್. ಬಾಟಲಿಯಲ್ಲಿರುವುದೇ 750! ಅದೂ ನಾಪಾದ ಕ್ಯಾಬರ್ನೆ, ಆಲ್ಕೋಹಾಲ್ ಶೇಕಡ 14.5ರ ಮೇಲೆ. ರುಚಿ ನೋಡಿದ ವೈನನ್ನು ಉಗುಳಲು ಬಕೆಟ್ ಇರುತ್ತದೆ ನಿಜ, ಆದರೆ ಹೊಸದಾಗಿ ಮದುವೆಯಾದ ಹುಡುಗಿ ಗಂಡನ ಎದುರು, ಅಪರಿಚಿತರ ಎದುರು ಬಕೆಟ್ಟಿಗೆ ಉಗುಳುವುದನ್ನು ನಾನು ಕಂಡಿಲ್ಲ. ಕುಡಿದೇ ಬಿಡುತ್ತಾರೆ. ನಾಲ್ಕು ವೈನರಿಯ ಪಟ್ಟಿ ಬರೆಯುವವರು ತಾವು ಪ್ರತಿಯೊಬ್ಬರಿಗೂ ಒಂದೊಂದು ಪೂರ್ತಿ ಬಾಟಲಿಗಿಂತ ಹೆಚ್ಚು ಕುಡಿಸುತ್ತಿದ್ದೇವೆ ಎಂಬುದನ್ನು ಒಮ್ಮೆ ಕೂಡಿ ನೋಡಬೇಕು.

ಹಳೆಯ ಪಟ್ಟಿ ಎಲ್ಲಿ ಮುರಿಯುತ್ತಿತ್ತು ಎಂದರೆ ಮೂರನೆಯ ವೈನರಿಯಲ್ಲಿ. ಅಲ್ಲಿಗೆ ಬರುವ ಹೊತ್ತಿಗೆ ನಾಲಿಗೆ ಮರಗಟ್ಟಿ ಎಲ್ಲವೂ ಒಂದೇ ಕೆಂಪು ಎನ್ನಿಸುತ್ತದೆ. ಒಬ್ಬರಿಗೆ ಸಾಕು, ಇನ್ನೊಬ್ಬರಿಗೆ ದುಡ್ಡು ಕೊಟ್ಟಿದ್ದೇವಲ್ಲ ಎಂಬ ಹಟ. ಒಂದು ಜೋಡಿಯಲ್ಲಿ ಹುಡುಗಿ ಕಾರಿನಲ್ಲೇ ಮಲಗಿದಳು, ಹುಡುಗ ಒಳಗೆ ಒಬ್ಬನೇ ಕುಳಿತು ಇಬ್ಬರ ಪಾಲನ್ನೂ ರುಚಿ ನೋಡಿದ. ನಾಲ್ಕನೆಯದಕ್ಕೆ ಹೋಗಲೇ ಇಲ್ಲ. ಎರಡು ದಿನ ಮೊದಲೇ ರದ್ದು ಮಾಡದಿದ್ದರೆ ಹಣ ವಾಪಸಿಲ್ಲ ಎಂಬ ಷರತ್ತಿನಿಂದ ಸುಮಾರು 150 ಡಾಲರ್ ನೀರಿನಲ್ಲಿ ಹೋಮ. ಮಧುಚಂದ್ರದ ಮೊದಲ ಜಗಳ ನನ್ನ ಪಟ್ಟಿಯಿಂದ ಹುಟ್ಟುವುದನ್ನು ನನಗೆ ಸಹಿಸಲಾಗಲಿಲ್ಲ.

ಎರಡನೆಯ ಸೋಲು ರಾತ್ರಿಯ ಊಟದ್ದು, ಹಣದ ಲೆಕ್ಕದಲ್ಲಿ ಇದೇ ದೊಡ್ಡದು. ಊರಿನಿಂದ ನೇರ ಬಂದವರಿಗೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. ಬೆಳಗಿನ ಜಾವ ಮೂರಕ್ಕೆ ಕಣ್ಣು ಬಿಡುತ್ತಾರೆ, ಸಂಜೆ ಆರಕ್ಕೆ ತಲೆ ತೂಗುತ್ತದೆ. ಅಂಥವರಿಗೆ ರಾತ್ರಿ ಎಂಟಕ್ಕೆ ಒಂಬತ್ತು ಬಗೆಯ ಊಟ ಕಾಯ್ದಿರಿಸಿದರೆ ಏನಾಗುತ್ತದೆ? ಮುಂಗಡ ಹಣ ಕಟ್ಟಿಸಿಕೊಳ್ಳುವ ಒಂದು ಹೆಸರಾಂತ ರೆಸ್ಟೋರೆಂಟಿಗೆ ಒಂದು ಜೋಡಿಯನ್ನು ಕಳುಹಿಸಿದ್ದೆ. ವೈನ್ ಸೇರಿ ಇಬ್ಬರಿಗೆ 900 ಡಾಲರಿಗೂ ಮೇಲೆ. ಅರ್ಧ ಊಟದಲ್ಲಿ ಎದ್ದು ಬಂದು ಮಲಗಿದರು. ಅಡುಗೆಯಲ್ಲಿ ಕುಂದಿರಲಿಲ್ಲ, ಬಡಿಸಿದವರಲ್ಲೂ ಇರಲಿಲ್ಲ. ಗಡಿಯಾರ ಮಾತ್ರ ಅವರದಾಗಿರಲಿಲ್ಲ.

ಆ ಗಡಿಯಾರವನ್ನೇ ಕೆಲಸಕ್ಕೆ ಹಚ್ಚಿದ್ದು ನನ್ನ ಕ್ರಮದ ಜೀವಾಳ. ಮೊದಲ ಎರಡು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ವೈನ್ ಸುದ್ದಿಯೇ ಇಲ್ಲ. ನಾಪಾದಲ್ಲಿ ಬೆಳಿಗ್ಗೆ ಹತ್ತಕ್ಕೆ ಮೊದಲ ಟೇಸ್ಟಿಂಗ್, ಹನ್ನೆರಡಕ್ಕೆ ಎರಡನೆಯದು, ಒಂದೂವರೆಗೆ ದೊಡ್ಡ ಊಟ. ಆಮೇಲೆ ಏನೂ ಇಲ್ಲ. ಆ ‘ಏನೂ ಇಲ್ಲ’ ಎಂಬುದನ್ನು ಪಟ್ಟಿಯಲ್ಲಿ ಬರೆದೇ ಕೊಡುತ್ತೇನೆ, ಇಲ್ಲದಿದ್ದರೆ ತುಂಬಲು ಹೊರಡುತ್ತಾರೆ. ಹತ್ತು ಗಂಟೆಗೆ ಹೋದರೆ ನಾಲಿಗೆ ಶುದ್ಧವಾಗಿರುತ್ತದೆ, ಕೊಠಡಿ ಖಾಲಿ ಇರುತ್ತದೆ, ಸುರಿಯುವವರಿಗೆ ಮಾತಾಡಲು ಬಿಡುವಿರುತ್ತದೆ. ಮಧುಚಂದ್ರಕ್ಕೆ ಬಂದಿದ್ದೇವೆ ಎಂದರೆ ಪಟ್ಟಿಯಲ್ಲಿಲ್ಲದ ಒಂದು ಹಳೆಯ ಬಾಟಲಿ ಹೊರಬರುವ ಸಂಭವವೂ ಆ ಹೊತ್ತಿಗೇ ಹೆಚ್ಚು. ಮಧ್ಯಾಹ್ನ ಮೂರಕ್ಕೆ ಅದೇ ಮಾತು ಹೇಳಿ ನೋಡಿ, ನಗು ಬಿಟ್ಟರೆ ಇನ್ನೇನೂ ಸಿಗುವುದಿಲ್ಲ.

ಇದನ್ನು ಪರೀಕ್ಷಿಸಲು ನಾನೂ ನನ್ನ ಹೆಂಡತಿಯೂ ಒಂದೇ ವೈನರಿಗೆ ಒಂದು ದಿನ ಬೆಳಗಿನ ಮೊದಲಿಗರಾಗಿ, ಇನ್ನೊಂದು ದಿನ ಸಂಜೆ ಮೂರು ವೈನರಿ ಮುಗಿಸಿಕೊಂಡು ಹೋದೆವು. ಬೆಳಗಿನ ಟಿಪ್ಪಣಿ ಅವಳ ಪುಸ್ತಕದಲ್ಲಿ ಒಂದೂವರೆ ಪುಟ ತುಂಬಿತ್ತು. ಸಂಜೆಯದರಲ್ಲಿ ಐದು ವೈನಿಗೂ ‘ಚೆನ್ನಾಗಿದೆ’ ಎಂದಷ್ಟೇ ಇತ್ತು. ಶುಲ್ಕ ಮಾತ್ರ ಎರಡು ಸಲವೂ ಒಂದೇ.

ಜಾಗದ ವಿಷಯ. ಕಣಿವೆ ಸುಮಾರು 30 ಮೈಲಿ ಉದ್ದ, ಹೆಚ್ಚೆಂದರೆ ಐದು ಮೈಲಿ ಅಗಲ. ಪಶ್ಚಿಮಕ್ಕೆ 29ನೇ ಹೆದ್ದಾರಿ, ಪೂರ್ವಕ್ಕೆ ಸಿಲ್ವರಾಡೋ ಟ್ರೇಲ್. ನಕ್ಷೆಯಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ. ಶನಿವಾರ ಮಧ್ಯಾಹ್ನ ಕಣಿವೆಯ ನಡುವಿನ ಸೇಂಟ್ ಹೆಲೆನಾ ಪಟ್ಟಣ ದಾಟಲು ಹೋದಾಗ ಗೊತ್ತಾಗುತ್ತದೆ. ನನ್ನ ನಿಯಮ ಎರಡು: ಒಂದು ದಿನಕ್ಕೆ ಕಣಿವೆಯ ಒಂದೇ ತುಂಡು, ಮತ್ತು 29ರ ಮೇಲೆ ಎಡಕ್ಕೆ ತಿರುಗುವ ಪ್ರಸಂಗವೇ ಬರದಂತೆ ವೈನರಿಗಳ ಸರಣಿ. ಅಮೆರಿಕದಲ್ಲಿ ಬಲಬದಿಯ ಓಡಾಟ, ಎಡಕ್ಕೆ ತಿರುಗಬೇಕಾದರೆ ಎದುರಿನ ಸಾಲು ಖಾಲಿಯಾಗುವವರೆಗೆ ನಿಲ್ಲಬೇಕು. ಬಲ ತಿರುವುಗಳನ್ನೇ ಪೋಣಿಸಿದರೆ ಅರ್ಧ ಗಂಟೆ ಉಳಿಯುತ್ತದೆ, ಎರಡನೆಯ ಬುಕಿಂಗಿಗೆ ತಡವಾಗುವ ಆತಂಕವೂ ಇರುವುದಿಲ್ಲ. ನಾಪಾ ಕೌಂಟಿಯ 1990ರ ಕಾಯ್ದೆಯ ನಂತರ ಬಂದ ವೈನರಿಗಳು ಸಾಮಾನ್ಯವಾಗಿ ಮುಂಚಿತ ಬುಕಿಂಗ್ ಇಲ್ಲದವರಿಗೆ ಟೇಸ್ಟಿಂಗ್ ಕೊಡುವಂತಿಲ್ಲ. ತಪ್ಪಿದ ಹೊತ್ತು ತಪ್ಪಿದ್ದೇ.

ಈ ನಿಯಮಕ್ಕೆ ದೊಡ್ಡ ಅಡ್ಡಿ 1976ರ ಪ್ಯಾರಿಸ್ ವೈನ್ ಸ್ಪರ್ಧೆ. ಅಲ್ಲಿ ಫ್ರೆಂಚರನ್ನು ಸೋಲಿಸಿದ ಎರಡೂ ವೈನರಿ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್, ಬಿಳಿಯಲ್ಲಿ ಶಾತೋ ಮಾಂಟೆಲೀನಾ, ಒಂದೇ ದಿನ ಬೇಕು ಎಂದು ಓದಿಕೊಂಡು ಬಂದ ಹುಡುಗರು ಪಟ್ಟು ಹಿಡಿಯುತ್ತಾರೆ. ಒಂದು ಇರುವುದು ಕಣಿವೆಯ ದಕ್ಷಿಣಕ್ಕೆ, ಇನ್ನೊಂದು ಉತ್ತರದ ತುದಿಯಲ್ಲಿ ಕ್ಯಾಲಿಸ್ಟೋಗಾದಲ್ಲಿ. ಮಧ್ಯೆ 20 ಮೈಲಿಗೂ ಹೆಚ್ಚು. ನಾನು ಕೊಡುವುದಿಲ್ಲ. ಮಾಂಟೆಲೀನಾದ ಜೊತೆಗೆ ಅದೇ ಉತ್ತರದ ತುಂಡಿನ ಶ್ರಾಮ್ಸ್‌ಬರ್ಗ್ ಹಾಕುತ್ತೇನೆ. ಗುಳ್ಳೆಯೇಳುವ ವೈನು, ಗುಡ್ಡ ಕೊರೆದ ಹಳೆಯ ಗವಿಗಳು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರೊಡನೆ ಗ್ಲಾಸು ಎತ್ತಿದ್ದು ಇಲ್ಲಿನ ವೈನಿನಿಂದಲೇ. ಗವಿಯ ತಂಪಿನಲ್ಲಿ ಆ ಕಥೆ ಕೇಳಿಸಿಕೊಂಡು ಬಂದ ಜೋಡಿ ಸ್ಟ್ಯಾಗ್ಸ್ ಲೀಪನ್ನು ಆ ದಿನದ ಮಟ್ಟಿಗೆ ಮರೆಯುತ್ತದೆ.

ಇನ್ನು ದುಡ್ಡು. ನೆನಪಿನಿಂದ ಬರೆಯುತ್ತಿದ್ದೇನೆ, ಹತ್ತಿಪ್ಪತ್ತು ಡಾಲರ್ ಆಚೀಚೆ ಆಗಬಹುದು. ಹಳೆಯ ಪಟ್ಟಿಯಲ್ಲಿ ಒಂದು ದಿನಕ್ಕೆ ನಾಲ್ಕು ಟೇಸ್ಟಿಂಗ್ ಇಬ್ಬರಿಗೂ ಸೇರಿ 500ರ ಹತ್ತಿರ, ಚಾಲಕನ ಸಮೇತ ದೊಡ್ಡ ಕಾರು ಏಳು ಗಂಟೆಗೆ 700, ರಾತ್ರಿ ಊಟ ಟಿಪ್ಸ್ ಸೇರಿ 300. ಒಟ್ಟು 1500. ಹೊಸದರಲ್ಲಿ ಮೊದಲ ವೈನರಿಯಲ್ಲಿ ಇಬ್ಬರಿಗೂ ಪೂರ್ತಿ ಟೇಸ್ಟಿಂಗ್ 150, ಎರಡನೆಯದರಲ್ಲಿ ಒಂದನ್ನೇ ಇಬ್ಬರೂ ಹಂಚಿಕೊಳ್ಳುವುದು, 60. ಹಂಚಿಕೊಳ್ಳಲು ಬಿಡುತ್ತೀರಾ ಎಂದು ಬುಕಿಂಗಿಗೆ ಮೊದಲೇ ಬರೆದು ಕೇಳಬೇಕು. ಬಿಡದವರೂ ಇದ್ದಾರೆ. ಕಾರು ಇವರೇ ಬಾಡಿಗೆಗೆ ತೆಗೆದುಕೊಂಡದ್ದು, ಅದನ್ನೇ ಓಡಿಸಿಕೊಡುವ ಚಾಲಕರು ಗಂಟೆಗೆ 50–60ಕ್ಕೆ ಸಿಗುತ್ತಾರೆ, ಐದು ಗಂಟೆ ಸಾಕು. ಮಧ್ಯಾಹ್ನದ ಊಟ 160. ಸಂಜೆಗೆ ನಾಪಾ ಪಟ್ಟಣದ ಆಕ್ಸ್‌ಬೋ ಮಾರುಕಟ್ಟೆಯಿಂದ ಚೀಸು, ಬ್ರೆಡ್ಡು, ಹಣ್ಣು 40. ಒಟ್ಟು 700ರ ಆಸುಪಾಸು. ಮಾವಂದಿರ ಫೋನು ನಿಂತಿದ್ದು ಈ ಕಾಗದ ಕಳುಹಿಸಿದ ಮೇಲೆ.

ಚಾಲಕನನ್ನು ಉಳಿಸಲು ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿ ಶೇಕಡ 0.08 ಎಂದರೆ ಅಪರಾಧ, ಮೇಲಿನ ಗ್ಲಾಸಿನ ಲೆಕ್ಕ ನೆನಪಿರಲಿ. ಆ್ಯಪ್‌ನಲ್ಲಿ ಕರೆಸುವ ಟ್ಯಾಕ್ಸಿ ಗುಡ್ಡದ ಮೇಲಿನ ವೈನರಿಗೆ ಕರೆದೊಯ್ಯುತ್ತದೆ, ವಾಪಸು ಬರಲು ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಅರ್ಧ ಕುಡಿದ ಬಾಟಲಿ ತಂದರೆ ಅದು ಡಿಕ್ಕಿಯಲ್ಲೇ ಇರಬೇಕು, ಸೀಟಿನ ಬಳಿ ಇಡುವುದು ಕಾನೂನಿಗೆ ವಿರುದ್ಧ. ಬೇಸಿಗೆಯಲ್ಲಾದರೆ ಮುಚ್ಚಿದ ಬಾಟಲಿಗಳನ್ನು ಡಿಕ್ಕಿಯಲ್ಲಿ ಸುಮ್ಮನೆ ಬಿಡುವಂತಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಕಾರ್ಕ್ ಮೇಲೆದ್ದಿರುತ್ತದೆ. ಥರ್ಮೋಕೋಲಿನ ಪೆಟ್ಟಿಗೆ, ಮಂಜುಗಡ್ಡೆಯ ಒಂದೆರಡು ಚೀಲ ಇಟ್ಟುಕೊಳ್ಳುವಂತೆ ಚಾಲಕನಿಗೆ ಹೇಳಿರಿ.

ಖರೀದಿಯಲ್ಲಿ ನನಗೆ ತುಂಬ ಹೆಮ್ಮೆಯಿರುವ ಲೆಕ್ಕ ಒಂದಿದೆ. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. ಎಲ್ಲರೂ ತಲಾ ಎರಡು ಬಾಟಲಿ, ಅಂದರೆ ಒಂದೂವರೆ ಲೀಟರ್ ತಂದು ಸುಮ್ಮನಾಗುತ್ತಾರೆ. 375 ಮಿಲಿಲೀಟರಿನ ಅರ್ಧ ಬಾಟಲಿ ಇದೆಯಲ್ಲ! ಎರಡು ಪೂರ್ತಿ, ಒಂದು ಅರ್ಧ ಸೇರಿ 1.875 ಲೀಟರ್. ಜೋಡಿಗೆ ನಾಲ್ಕು ಪೂರ್ತಿ, ಎರಡು ಅರ್ಧ. ಈ ಖರೀದಿಯನ್ನೆಲ್ಲ, ಬಾಟಲಿ ಕೊಂಡರೆ ಟೇಸ್ಟಿಂಗ್ ಶುಲ್ಕ ಬಿಡುವ ವೈನರಿಗಳಲ್ಲೇ ಮಾಡಿಸುತ್ತೇನೆ. ಹೇಗೂ ಕೊಳ್ಳುವ ಬಾಟಲಿಗೆ ಶುಲ್ಕ ಮನ್ನಾ ಆಗುವುದು ಲಾಭವೇ. ದಪ್ಪ ಗಾಜಿನ ಬಾಟಲಿ ತುಂಬಿದಾಗ ಒಂದೂವರೆ ಕಿಲೋ ತೂಗುತ್ತದೆ, ಚೀಲದಲ್ಲಿ ಅಷ್ಟು ಜಾಗ ಬರುವಾಗಲೇ ಖಾಲಿ ಬಿಟ್ಟಿರಬೇಕು.

ಋತುವಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ. ಬಳ್ಳಿ ಬೋಳು, ಆದರೆ ಸಾಲುಗಳ ನಡುವೆ ಸಾಸಿವೆ ಹೂವು ಹಳದಿಯಾಗಿ ಹರಡಿರುತ್ತದೆ. ಸುಗ್ಗಿಯ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೇಳುವ ಹೋಟೆಲ್ ಬಾಡಿಗೆಯ ಅರ್ಧಕ್ಕೆ ಸ್ವಲ್ಪ ಮೇಲೆ ಕೊಟ್ಟರೆ ವಾರದ ನಡುವಿನ ದಿನ ಒಳ್ಳೆಯ ಕೋಣೆ ಸಿಗುತ್ತದೆ. ಮಾಗಿಯ ಲಗ್ನಗಳಿಗೂ ಇದು ಸರಿಹೊಂದುತ್ತದೆ. ಮಳೆ ಬರುತ್ತದೆ, ಬರಲಿ. ಗವಿಯಲ್ಲಿ ಮಳೆಯ ತಾಪತ್ರಯವಿಲ್ಲ. ಬಲೂನ್ ಹಾರಾಟಕ್ಕೆ ಮಾತ್ರ ಮಳೆ, ಮಂಜು ಅಡ್ಡ ಬರುತ್ತವೆ. ಒಬ್ಬರಿಗೆ 250–300 ಡಾಲರ್ ಆಗುವುದರಿಂದ, ರದ್ದಾದರೆ ಹಣ ವಾಪಸು ಎಂದು ಬರಹದಲ್ಲಿ ಪಡೆದುಕೊಳ್ಳಿ. ಹೇಗೂ ಮೂರಕ್ಕೇ ಎದ್ದು ಕೂತಿರುವವರಿಗೆ ಸೂರ್ಯೋದಯದ ಬಲೂನಿನಷ್ಟು ಹೊಂದುವ ಕಾರ್ಯಕ್ರಮ ಬೇರೆ ಇಲ್ಲ. ಕ್ಯಾಲಿಸ್ಟೋಗಾದ ಜ್ವಾಲಾಮುಖಿ ಬೂದಿಯ ಕೆಸರು ಸ್ನಾನವನ್ನು ವೈನಿಲ್ಲದ ದಿನಕ್ಕೆ ಇಡಿ. ಕುಡಿದು ಬಿಸಿ ಕೆಸರಿಗೆ ಇಳಿದರೆ ತಲೆ ಸುತ್ತುತ್ತದೆ.

ಸೈಕಲ್ಲನ್ನೂ ಪ್ರಯತ್ನಿಸಿದೆ. ನಾಪಾದಿಂದ ಯೌಂಟ್‌ವಿಲ್ ಪಟ್ಟಣಕ್ಕೆ ವೈನ್ ಟ್ರೇಲ್ (Vine, ಅಂದರೆ ಬಳ್ಳಿ) ಎಂಬ ಸಮತಟ್ಟಾದ ದಾರಿಯಿದೆ, ಹನ್ನೆರಡು ಮೈಲಿ ಚಿಲ್ಲರೆ. ದಾರಿಯಲ್ಲಿ ಟೇಸ್ಟಿಂಗ್ ಇಟ್ಟುಕೊಂಡರೆ ವಾಪಸು ತುಳಿಯಲು ಯಾರಿಗೂ ಮನಸ್ಸಿರುವುದಿಲ್ಲ. ಈಗ ಅದನ್ನೂ ವೈನಿಲ್ಲದ ದಿನಕ್ಕೆ ಸರಿಸಿದ್ದೇನೆ, ಒಂದೇ ದಿಕ್ಕಿಗೆ. ಇನ್ನೊಂದು ಪ್ರಯೋಗ ಕೋಡುಬಳೆಯದು. ಒಬ್ಬ ಅತ್ತೆ ಕಟ್ಟಿಕೊಟ್ಟ ಡಬ್ಬಿಯನ್ನು ಹೋಟೆಲ್ ಕೋಣೆಯಲ್ಲಿ ತೆರೆದು ಕ್ಯಾಬರ್ನೆ ಜೊತೆ ತಿಂದೆವು. ಖಾರಕ್ಕೂ ಆ ಒಗರಿಗೂ ಹೊಂದಿಕೆಯಾಗಲೇ ಇಲ್ಲ, ಬಾಯಿ ಉರಿಯಿತು. ಶ್ರಾಮ್ಸ್‌ಬರ್ಗಿನ ಗುಳ್ಳೆಯ ವೈನು ತಂದಾಗ ಡಬ್ಬಿ ಖಾಲಿ. ಕರಿದ ಉಪ್ಪಿನ ತಿಂಡಿಗೆ ಹುಳಿ, ಗುಳ್ಳೆ ಎರಡೂ ಇರುವ ವೈನು ಬೇಕು. ಈಗ ಖಾಲಿ ಬಿಟ್ಟ ಸಂಜೆಗೆ ಇದನ್ನೇ ಹೇಳುತ್ತೇನೆ.

ಸಸ್ಯಾಹಾರಿಗಳು ಇದ್ದರೆ ವೈನರಿಯ ತಿಂಡಿ ತಟ್ಟೆಯ ಬಗ್ಗೆ ವಾರ ಮೊದಲೇ ಬರೆಯಬೇಕು. ಯೌಂಟ್‌ವಿಲ್‌ನ ಹೆಸರಾಂತ ರೆಸ್ಟೋರೆಂಟ್ ಫ್ರೆಂಚ್ ಲಾಂಡ್ರಿಯೇ ಬೇಕು ಎನ್ನುವವರಿಗೆ ಅಲ್ಲಿ ತರಕಾರಿಗಳದೇ ಪ್ರತ್ಯೇಕ ಸರಣಿ ಊಟವಿದೆ. ಒಬ್ಬರಿಗೆ 400 ಡಾಲರ್ ಆಸುಪಾಸು, ಮುಂಗಡವೇ, ವೈನ್ ಬೇರೆ. ಅದನ್ನು ಕೊನೆಯ ರಾತ್ರಿಗೆ ಇಡುತ್ತೇನೆ, ಅಷ್ಟರಲ್ಲಿ ನಿದ್ದೆ ಸರಿಹೋಗಿರುತ್ತದೆ. ಆ ದಿನ ಟೇಸ್ಟಿಂಗ್ ಒಂದೇ.

ಎರಡು ವಿಷಯ ಹೇಳುವುದಿಲ್ಲ. ಗುಡ್ಡದ ಮೇಲಿನ ನನ್ನ ಖಾಯಂ ಎರಡನೆಯ ವೈನರಿಯ ಹೆಸರು ಒಂದು. ಮನೆಯವರೇ ಸುರಿಯುತ್ತಾರೆ, ದಿನಕ್ಕೆ ಕೆಲವೇ ಜನ, ನೀವೆಲ್ಲ ಬರೆದರೆ ನನ್ನ ಜೋಡಿಗಳಿಗೆ ಜಾಗವಿರುವುದಿಲ್ಲ. ಬುಕಿಂಗ್ ಪತ್ರದ ಎರಡನೆಯ ಸಾಲಿನಲ್ಲಿ ನಾನು ಏನು ಬರೆಯುತ್ತೇನೆ ಎಂಬುದು ಇನ್ನೊಂದು. ಅದು ನನ್ನ ಅನ್ನ.

ಮುಂದಿನ ಚಳಿಗಾಲಕ್ಕೆ ಇದೇ ಕ್ರಮವನ್ನು ಉತ್ತರದ ಆಂಡರ್ಸನ್ ವ್ಯಾಲಿ ಎಂಬ ಇನ್ನೊಂದು ವೈನ್ ಕಣಿವೆಗೆ ಒಯ್ಯುತ್ತಿದ್ದೇನೆ. 128ನೇ ಹೆದ್ದಾರಿಯ ತಿರುವುಗಳಲ್ಲಿ ವಾಂತಿ ಬರಿಸದ ಚಾಲಕ ಸಿಕ್ಕಿದ್ದಾರೆ, ಫಿಲೋ ಊರಿನ ಬಳಿ ರೋಡರರ್ ಎಸ್ಟೇಟ್ ವೈನರಿಗೆ ಹತ್ತು ಗಂಟೆಯ ಹೊತ್ತನ್ನು ಗೊತ್ತು ಮಾಡುತ್ತೇನೆ. ಒಂದೂವರೆಯ ಊಟಕ್ಕೆ ಮೇಜು ಮಾತ್ರ ಇನ್ನೂ ಹುಡುಕುತ್ತಿದ್ದೇನೆ. ವಾರದ ನಡುವೆ ಮಧ್ಯಾಹ್ನ ಕೂರಿಸಿ ಬಡಿಸುವ ಕಡೆ ನಿಮಗೆ ಗೊತ್ತಿದ್ದರೆ ತಿಳಿಸಿ, ಪತ್ರದ ಎರಡನೆಯ ಸಾಲನ್ನು ಬದಲಿಗೆ ಕೊಡಲು ಸಿದ್ಧನಿದ್ದೇನೆ.